ಎರಡು ಇಂಚಿನ ತೂತು

ಮಲ್ಕಾಜ್‌ಗಿರಿ, ಹೈದರಾಬಾದ್
2 ಜೂನ್ 2025

ತಮ್ಮ ಮೌನಪ್ಪನಿಗೆ ಅಕ್ಕ ಕುಮುದಾಳ ಆಶೀರ್ವಾದ.

ಮೊನ್ನೆ ಫೋನ್ ಮಾಡಿದ್ದೆ. ನೀನು ಹತ್ತು ಸಲ "ಹಲೋ, ಯಾರ್ರೀ?" ಅಂದು ಇಟ್ಟುಬಿಟ್ಟೆ. ಬಾಲಾನಗರದ ತಗಡು ಒತ್ತುವ ಪ್ರೆಸ್ ಶಾಪಿನ ಸದ್ದಿಗೆ ಇಪ್ಪತ್ತೆರಡು ವರ್ಷ ಕಿವಿ ಒಪ್ಪಿಸಿ ಊರಿಗೆ ಮರಳಿದವನ ಜೊತೆ ಕಿರುಚಿ ನಾನು ಗಂಟಲು ಯಾಕೆ ಕೆಡಿಸಿಕೊಳ್ಳಲಿ? ನಿನ್ನ ಮಗನ ಮೊಬೈಲಿಗೆ ಬರೆದು ಕಳಿಸಿದರೆ ಸಂಜೆಯೊಳಗೆ ಸುರಪುರಕ್ಕೆಲ್ಲ ಗೊತ್ತಾಗುತ್ತದೆ. ಅದಕ್ಕೇ ಕಾಗದ.

ಒಂದು ಕೆಲಸದ ಮಾತು. ಹಿತ್ತಲಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿ ಇಟ್ಟಿದ್ದೇನೆ, ದನಕ್ಕೆ ನೀರಿಡುತ್ತಾರಲ್ಲ ಅಂಥದ್ದು. ಇನ್ನೂರು ಲೀಟರ್ ಹಿಡಿಯುತ್ತದೆ. ದಿನಕ್ಕೊಮ್ಮೆ ಪೂರ್ತಿ ಖಾಲಿಯಾಗಬೇಕು. ಎತ್ತಿ ಬಗ್ಗಿಸಲು ನನ್ನ ಮೊಣಕಾಲು ಬಿಡುವುದಿಲ್ಲ. ನಮ್ಮ ಮನೆಯವರಿಗೆ, ನಿನ್ನ ಮಾಮಾನಿಗೆ, ಹರ್ನಿಯಾ ಆಪರೇಷನ್ ಆದಮೇಲೆ ಪೇಪರ್ ಬಿಟ್ಟು ಬೇರೇನೂ ಎತ್ತಬಾರದಂತೆ. ಚೊಂಬಿನಲ್ಲಿ ಮೊಗೆದು ಚೆಲ್ಲುವುದಕ್ಕೆ ಒಂದು ತಾಸು ಹಿಡಿಯುತ್ತದೆ. ನಿಂತಲ್ಲೇ ನಿಂತು, ಬಗ್ಗದೆ, ಬೇಗ ನೀರು ಬಿಡುವ ಉಪಾಯ ಬರೆ. ಒಂದು ಹನಿಯೂ ಓಣಿಗೆ ಹರಿಯಬಾರದು.

ಯಾಕೆ, ಏನು ಅಂತ ಕೇಳಬೇಡ.

ನಿನ್ನ ಅಕ್ಕ
ಕುಮುದಾ


ಸುರಪುರ
9 ಜೂನ್ 2025

ಅಕ್ಕನ ಪಾದಕ್ಕೆ ಮೌನಪ್ಪನ ನಮಸ್ಕಾರ.

ಕಾಗದ ಮೂರು ಸಲ ಓದಿದೆ. ಕೇಳಬೇಡ ಅಂದಿದ್ದೀಯ, ಕೇಳುವುದಿಲ್ಲ. ಕಿವಿ ಹೋದರೂ ಬುದ್ಧಿ ಇದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೊಣಕಾಲು ಮುಳುಗಿಸಿ ಕೂರಿ ಅಂತ ಇಲ್ಲಿಯ ಡಾಕ್ಟರೂ ಹೇಳುತ್ತಾರೆ. ಇಷ್ಟು ಬಾಧೆ ಪಡುತ್ತಿದ್ದೂ ನಮಗೊಂದು ಮಾತು ಹೇಳಲಿಲ್ಲವಲ್ಲ ಅಂತ ನನಗೆ ಬೇಜಾರಾಯಿತು.

ತೊಟ್ಟಿಯ ಪಕ್ಕಕ್ಕೆ, ತಳದಿಂದ ಎರಡು ಬೆರಳು ಮೇಲೆ, ಒಂದು ತೂತು. ಅದಕ್ಕೆ ಅರ್ಧ ಇಂಚಿನ ನಲ್ಲಿ. ನಲ್ಲಿಗೆ ರಬ್ಬರ್ ಪೈಪು ಹಾಕಿ ಬಾಳೆಯ ಬುಡಕ್ಕೆ ಬಿಡು. ಹೆಚ್ಚೇನಿಲ್ಲ. ಒಳಗೆ ಕಾಲು ಜಾರದಂತೆ ಒಂದು ಮರದ ಮಣೆ ಇಟ್ಟುಕೋ. ಕೂತು ಏಳುವಾಗ ಹಿಡಿದುಕೊಳ್ಳಲು ಕಬ್ಬಿಣದ ಹಿಡಿಕೆ ಮಾಡಿದ್ದೇನೆ, ಬಸ್ಸಿಗೆ ಹಾಕಿದ್ದೇನೆ. ಅಂಚೆಲ್ಲ ತಿಕ್ಕಿ ನುಣುಪು ಮಾಡಿದ್ದೇನೆ, ಕೈಗೆ ಚುಚ್ಚುವುದಿಲ್ಲ.

ತೂತು ಹಾಕಲು ಪ್ಲಂಬರನನ್ನು ಕರೆಸು. ನೀನು ಕೈ ಹಾಕಬೇಡ. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ, "ಹೆಣ್ಣುಮಕ್ಕಳು ಹತ್ಯಾರ ಮುಟ್ಟಬಾರದು."

ಡಾಕ್ಟರು ಏನಂದರು ಅಂತ ಬರೆ.

ಮೌನಪ್ಪ


ಮಲ್ಕಾಜ್‌ಗಿರಿ
20 ಜೂನ್ 2025

ತಮ್ಮಾ,

ನಿನ್ನ ಹಿಡಿಕೆ ಬಂತು. ಕೈಯಲ್ಲಿ ಹಿಡಿದು ಅತ್ತೆ. ಆಮೇಲೆ ನಕ್ಕೆ. ನಿನ್ನ ಮಾಮಾ ಪೇಪರ್ ಕೆಳಗಿಟ್ಟು "ಏನಾತು ನಿನಗ?" ಅಂದರು.

ನಾನು ಸುಳ್ಳು ಹೇಳಿಲ್ಲ, ನಿಜ ಬರೆಯಲಿಲ್ಲ ಅಷ್ಟೇ. ಈಗ ಬರೆಯುತ್ತೇನೆ, ಕೂತುಕೊಂಡು ಓದು. ತೊಟ್ಟಿ ನನಗಲ್ಲ, ಬಾತುಕೋಳಿಗೆ. ನಾಲ್ಕು ಇವೆ.

ನಮ್ಮ ಎದುರಿಗೆ ಅಪಾರ್ಟ್‌ಮೆಂಟ್ ಕಟ್ಟುವಾಗ ವಾಚ್‌ಮನ್ ಹುಸೇನಪ್ಪ, ಅವನ ಹೆಂಡತಿ ಸಾಬಮ್ಮ, ಮಗಳು ಗಂಗಾ ತಗಡಿನ ಶೆಡ್ಡಿನಲ್ಲಿದ್ದರು. ನಮ್ಮ ಶಹಾಪುರದ ಕಡೆಯವರು. ಕನ್ನಡ ಮಾತಾಡುವವರು ಅಂತ ಎರಡು ವರ್ಷ ನನಗೆ ಅವರೇ ತವರು. ಕಟ್ಟಡ ಮುಗಿಯಿತು, ಮೇಸ್ತ್ರಿ ಅವರನ್ನು ಜೀಡಿಮೆಟ್ಲಾದ ಕೆಲಸಕ್ಕೆ ಕಳಿಸಿದ. ಅಲ್ಲಿ ಇವರಿಗೇ ಕಾಲು ಚಾಚಲು ಜಾಗವಿಲ್ಲ. ಹೊರಡುವ ದಿನ ಸಾಬಮ್ಮ ಬುಟ್ಟಿ ತಂದು ನನ್ನ ಬಾಗಿಲಲ್ಲಿ ಇಟ್ಟಳು. "ಅಕ್ಕಾ, ದೀಪಾವಳಿ ತನಕ ನೋಡ್ಕೋರಿ. ಕೊಯ್ಯಾವ್ರ ಕೈಯಾಗ ಮಾತ್ರ ಕೊಡಬ್ಯಾಡ್ರಿ. ನಮ್ಮ ಗಂಗಾ ಅಂಗೈಯಾಗ ಇಟ್ಕೊಂಡು ಬೆಳಿಸ್ಯಾಳ" ಅಂದಳು. ನಾನು ಹೂಂ ಅಂದೆ.

ಬಾತುಕೋಳಿಗೆ ತಲೆ ಮುಳುಗುವಷ್ಟು ನೀರು ಬೇಕೇ ಬೇಕು. ಇಲ್ಲದಿದ್ದರೆ ಮೂಗು ಕಟ್ಟುತ್ತದೆ, ಕಣ್ಣು ಕೆಡುತ್ತದೆ. ಆದರೆ ಬೆಳಿಗ್ಗೆ ತುಂಬಿದ ಕನ್ನಡಿಯಂಥ ನೀರು ಸಂಜೆಗೆ ಸಾರಾಗಿರುತ್ತದೆ. ಎರಡು ದಿನ ಬಿಟ್ಟರೆ ಮೂಗು ಮುಚ್ಚಬೇಕು. ಪ್ಲಂಬರನಿಂದ ಹಾಕಿಸಿದ ನಿನ್ನ ಅರ್ಧ ಇಂಚಿನ ನಲ್ಲಿ ಮೂರೇ ದಿನಕ್ಕೆ ಕಟ್ಟಿತು. ಬಿಚ್ಚಿ ನೋಡಿದರೆ ಪುಕ್ಕ, ಅನ್ನದಗುಳು, ಕೆಸರು. ಒಂದು ಸಲ ಹಾಗೇ ಬಿಟ್ಟ ನೀರು ಓಣಿಗೆ ಹರಿಯಿತು.

ಕಾಲನಿಯ ಸೆಕ್ರೆಟರಿ ವಿನಾಯಕರಾವ್ ಬಂದರು. "ಜುಲೈ ಇರವೈ ಏಡು ಆದಿವಾರಂ ನೇನೇ ವಚ್ಚಿ ಚೂಸ್ತಾನು. ವಾಸನ ಉಂಟೇ ಬಾತುಲು ವೆಳ್ಳಾಲಿ" ಅಂದರು. ಅಂದರೆ ಇಪ್ಪತ್ತೇಳರ ಭಾನುವಾರ ಅವರೇ ಬಂದು ನೋಡುತ್ತಾರೆ, ವಾಸನೆ ಇದ್ದರೆ ಬಾತುಕೋಳಿ ಹೋಗಬೇಕು. ಒಯ್ಯುವವನನ್ನೂ ಗೊತ್ತು ಮಾಡಿದ್ದಾರೆ. ಅವನು ಕೋಳಿ ಅಂಗಡಿಯವನು.

ನಾನು ಕೊಡುವುದಿಲ್ಲ. ಇಪ್ಪತ್ತೇಳರೊಳಗೆ ತೊಟ್ಟಿ ಸರಿಯಾಗಬೇಕು. ಬೇಗ ಬರೆ.

ಕುಮುದಾ


ಸುರಪುರ
28 ಜೂನ್ 2025

ಅಕ್ಕಾ,

ಹಿಡಿಕೆಯನ್ನು ಎರಡು ದಿನ ತಿಕ್ಕಿದೆ. ಬಾತುಕೋಳಿಗೆ.

ನಮ್ಮದು ಪಾಂಚಾಳರ ಮನೆ, ಬಡಗಿ ಕಮ್ಮಾರರ ಕುಲ. ಮೊಟ್ಟೆ ಮುಟ್ಟಿದವರಲ್ಲ. ಮನೆಯಲ್ಲಿ ಅಪ್ಪ ಕೂತು ದೇವರ ಬಾಗಿಲು ಕೆತ್ತಿದ್ದಾನೆ. ಈಗ ಆ ಗೊಲ್ಲಾಳಪ್ಪನ ಮಗಳು ಹಿತ್ತಲಲ್ಲಿ ಬಾತುಕೋಳಿ ಸಾಕಿದ್ದಾಳೆ, ಮೊಟ್ಟೆ ಹೆಕ್ಕುತ್ತಿದ್ದಾಳೆ ಅಂತ ನಮ್ಮ ಸಮಾಜದ ಸಂಘದಲ್ಲಿ ಯಾರಾದರೂ ಕೇಳಿದರೆ ನಾನು ಮುಖ ಎಲ್ಲಿಡಲಿ? ಊರ ಬಾಯಿಗೆ ಮುಚ್ಚಳ ಹಾಕಲು ಬರುತ್ತದೆಯೇ? ನಿನಗೆ ಚಿಕ್ಕಂದಿನಿಂದ ಇದೇ ಚಾಳಿ. ಮೊದಲು ಹೂಂ ಅನ್ನುವುದು, ಆಮೇಲೆ ಮನೆಮಂದಿಯನ್ನೆಲ್ಲ ಎಳೆಯುವುದು.

ಯಾರಿಗಾದರೂ ಸಾಕುವವರಿಗೆ ಕೊಟ್ಟುಬಿಡು. ನಾನು ಇದರಲ್ಲಿ ಇಲ್ಲ. ಮುಂದೆ ಈ ವಿಷಯ ಬರೆಯಬೇಡ.

ಮತ್ತೆ, ಅರ್ಧ ಇಂಚು ನಾನು ಹೇಳಿದ್ದು ಮನುಷ್ಯರು ಕೂರುವ ನೀರಿಗೆ. ಪುಕ್ಕದ ನೀರು ಅಂತ ಮೊದಲೇ ಹೇಳಿದ್ದರೆ ಯಾವ ಮೂರ್ಖನೂ ಅರ್ಧ ಇಂಚು ಹೇಳುತ್ತಿರಲಿಲ್ಲ. ನನ್ನ ಕೆಲಸ ಕೆಟ್ಟಿತು ಅಂತ ಯಾರ ಹತ್ತಿರವೂ ಹೇಳಬೇಡ.

ಮೌನಪ್ಪ


ಮಲ್ಕಾಜ್‌ಗಿರಿ
5 ಜುಲೈ 2025

ತಮ್ಮಾ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ.

ಮೊಟ್ಟೆ ನಾನು ಹೆಕ್ಕುವುದಿಲ್ಲ. ಹುಸೇನಪ್ಪ ಭಾನುವಾರ ಬಂದು ಒಯ್ಯುತ್ತಾನೆ. ಇನ್ನು ಸಂಘದವರು. ಅವರು ಕೇಳಿದರೆ ನನ್ನ ವಿಳಾಸ ಕೊಡು. ಬಂದು ನನ್ನನ್ನೇ ಕೇಳಲಿ, ಚಹಾ ಕುಡಿಸಿ ಉತ್ತರ ಕೊಡುತ್ತೇನೆ. ಅಪ್ಪ ದೇವರ ಬಾಗಿಲು ಕೆತ್ತಿದ, ಹೌದು. ಹೊಸ್ತಿಲಿಗೆ ಬಂದ ಜೀವವನ್ನು ಕೊಯ್ಯುವವನಿಗೆ ಕೊಡು ಅಂತ ಆ ಬಾಗಿಲ ಮೇಲೆ ಬರೆದಿದ್ದನೇ?

ಮೊದಲು ನಲ್ಲಿ ಹಾಕಿದವನು ಊರಿಗೆ ಹೋಗಿದ್ದಾನೆ, ಇನ್ನೊಬ್ಬ ಪ್ಲಂಬರ್ ಬಂದಿದ್ದ. ಬಾತುಕೋಳಿ ನೋಡಿ ನಕ್ಕು "ರೇಪು ವಸ್ತಾನು", ನಾಳೆ ಬರುತ್ತೇನೆ, ಅಂತ ಹೋದ. ಆ ನಾಳೆ ಇನ್ನೂ ಬಂದಿಲ್ಲ.

ನೀನು ಹೇಳದಿದ್ದರೆ ನಾನೇ ಏನೋ ಒಂದು ಮಾಡುತ್ತೇನೆ. ಕೆಟ್ಟರೆ ಕೆಡಲಿ. ಸೋರುವ ತೊಟ್ಟಿಯ ಮುಂದೆ ನಿಂತು, ಇದು ಪಾಂಚಾಳರ ಕೆಲಸ ಅಂತ ಮಲ್ಕಾಜ್‌ಗಿರಿಗೆಲ್ಲ ಹೇಳುತ್ತೇನೆ.

ಕುಮುದಾ


ಮಲ್ಕಾಜ್‌ಗಿರಿ
16 ಜುಲೈ 2025

ನಾನು ಬರೆದು ಹನ್ನೊಂದು ದಿನವಾಯಿತು. ಇನ್ನೂ ಹನ್ನೊಂದು ದಿನ ಇದೆ. ಅವು ಆರಾಮ ಇವೆ. ನನಗೆ ನಿದ್ದೆ ಇಲ್ಲ.

ಕುಮುದಾ


ಸುರಪುರ
19 ಜುಲೈ 2025

ಪಕ್ಕದ ಹಳೆಯ ತೂತಿಗೆ ಬೋಲ್ಟು, ಎರಡೂ ಕಡೆ ರಬ್ಬರ್ ವಾಷರ್ ಹಾಕಿ ಮುಚ್ಚು.

ಹೊಸ ತೂತು ತಳದಲ್ಲೇ ಬರಬೇಕು, ಅಂಚಿಗೆ ಹತ್ತಿರ. ಪಕ್ಕದಲ್ಲಿ ಹಾಕಿದರೆ ಕೆಳಗಿನ ಕೆಸರು ಯಾವತ್ತೂ ಹೋಗುವುದಿಲ್ಲ. ಪೈಪು ಎರಡು ಇಂಚು, ಕಡಿಮೆ ಬೇಡ. ತೂತಿನಲ್ಲಿ ಬಿಗಿಯುವ ತುಂಡು ಪೈಪಿಗೆ ಟ್ಯಾಂಕ್ ನಿಪ್ಪಲ್ ಅನ್ನುತ್ತಾರೆ, ಅದು, ಕೆಳಗೆ ತಿರುವಿಗೆ ಎಲ್ಬೋ, ಮುಂದೆ ಬಾಲ್ ವಾಲ್ವ್. ತಿರುಗಿಸುವ ನಲ್ಲಿ ಬೇಡ, ಹಿಡಿ ಎಳೆದರೆ ಪೂರ್ತಿ ತೆರೆಯುವಂಥದ್ದೇ ಬೇಕು. ಅದರ ಹಿಡಿಗೆ ಉದ್ದ ಕೋಲು ಕಟ್ಟು, ಬಗ್ಗಬೇಕಾಗಿಲ್ಲ.

ತೊಟ್ಟಿಯನ್ನು ಮೂರು ವರಸೆ ಇಟ್ಟಿಗೆಯ ಮೇಲೆ ಕೂರಿಸು. ತೂತಿನ ಎದುರು ಬದಿಗೆ ಒಂದು ಹೆಂಚಿನ ತುಂಡು ಹೆಚ್ಚು ಇಡು, ನೀರು ತಾನಾಗಿ ಈ ಕಡೆ ಬರುತ್ತದೆ. ಹತ್ತಲು ಅವಕ್ಕೆ ಹಲಗೆ. ಸುತ್ತ ಜಲ್ಲಿ ಸುರಿ, ಇಲ್ಲದಿದ್ದರೆ ಕೆಸರು. ಪೈಪಿನ ಬಾಯಿ ಬಾಳೆಯ ಮಡಿಗೆ. ಮಡಿಯ ಸುತ್ತ ಒಂದು ಗೇಣು ಮಣ್ಣಿನ ಕಟ್ಟೆ.

ಇದು ಬಾತುಕೋಳಿಗಾಗಿ ಬರೆದದ್ದಲ್ಲ. ನೀನು ಸೋರುವ ತೊಟ್ಟಿಯ ಮುಂದೆ ನಿಂತು ನಮ್ಮ ಹೆಸರು ಹೇಳಬಾರದು ಅಂತ.

ಗುರುವಾರ ನಾಗರ ಅಮಾವಾಸ್ಯೆ. ಅವತ್ತು ನಮ್ಮವರಲ್ಲಿ ಯಾರೂ ಹತ್ಯಾರ ಮುಟ್ಟುವುದಿಲ್ಲ, ಕೆಲಸ ಶುರು ಮಾಡುವುದಿಲ್ಲ. ಪ್ಲಂಬರ್ ಬೇರೆ ಜಾತಿಯವನಾದರೂ ನಮ್ಮ ಮನೆಯಲ್ಲಿ ಅವತ್ತು ಬೇಡ. ಬುಧವಾರವೇ ಮುಗಿಸು.

ಮೌನಪ್ಪ


ಮಲ್ಕಾಜ್‌ಗಿರಿ
25 ಜುಲೈ 2025

ತಮ್ಮಾ,

ನಿನ್ನ ಕಾಗದ ಬಂದದ್ದೇ ಬುಧವಾರ ಮಧ್ಯಾಹ್ನ. ಅದನ್ನು ಹಿಡಿದುಕೊಂಡೇ ಪ್ಲಂಬರನ ಮನೆಗೆ ಹೋದೆ. "ರೇಪು" ಅಂದ. ಆರನೆಯ ರೇಪು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೀನು ಬರೆದ ಸಾಮಾನೆಲ್ಲ ತಂದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ತನಕ ಅವನ ದಾರಿ ಕಾದೆ. ಆಮೇಲೆ ಒಳಗೆ ಹೋಗಿ ಟ್ರಂಕ್ ತೆಗೆದೆ.

ತೂತು ಕೊರೆಯುವ ಅಪ್ಪನ ಬೈರಿಗೆ ಕಳೆದುಹೋಯಿತು ಅಂತ ಹನ್ನೆರಡು ವರ್ಷದಿಂದ ಅನ್ನುತ್ತೀಯಲ್ಲ, ಅದು ಕಳೆದಿಲ್ಲ. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ನಾನೇ ಪೆಟ್ಟಿಗೆಯಿಂದ ತೆಗೆದು ಸೀರೆಯಲ್ಲಿ ಸುತ್ತಿ ತಂದೆ. ಹತ್ಯಾರವೆಲ್ಲ ನಿನಗೆ ಅಂತ ಹಿರಿಯರು ಹೇಳಿದಾಗ ಯಾರೂ ನನ್ನ ಮುಖ ನೋಡಲಿಲ್ಲ. ಕದ್ದೆ ಅನ್ನು, ಪರವಾಗಿಲ್ಲ.

ಅಪ್ಪ ತೂತು ಹಾಕುವಾಗ ಹಲಗೆ ಅಲುಗಬಾರದು ಅಂತ ನನ್ನನ್ನು ಅದರ ಮೇಲೆ ಕೂರಿಸುತ್ತಿದ್ದ. ನಾನು ಆ ಮನೆಯ ಭಾರದ ಕಲ್ಲು. ಏಳು ವರ್ಷ ಕೂತು ನೋಡಿದ್ದೇನೆ. ನಿಪ್ಪಲ್ ಬೋರಲು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಪ್ಪ ದೊಡ್ಡ ತೂತು ಮಾಡುವ ಹಾಗೆ, ಗೆರೆಯ ಗುಂಟ ಸಣ್ಣ ಸಣ್ಣ ತೂತು, ಒಂದರ ಪಕ್ಕ ಒಂದು. ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ತಿರುವಿದೆ. ಮೂವತ್ತೊಂದು ತೂತು. ಹದಿನೈದಕ್ಕೆ ಭುಜ ಹೋಯಿತು, ಇಪ್ಪತ್ತಕ್ಕೆ ಅಂಗೈಯಲ್ಲಿ ಬೊಬ್ಬೆ. ನಿನ್ನ ಮಾಮಾ ಬಾಗಿಲಲ್ಲಿ ನಿಂತು "ಇವತ್ತ ಅಮಾಸಿ ಅಲ್ಲೇನ?" ಅಂದರು. "ಅಮಾಸಿ ನಿಮಗ. ಅವಕ್ಕ ಇವತ್ತೂ ನೀರು ಬೇಕು" ಅಂದೆ. ಅವರು ಪೇಪರ್ ಬಿಟ್ಟು ಬಂದು ತೊಟ್ಟಿ ಹಿಡಿದುಕೊಂಡು ಕೂತರು.

ನಡುವಿನ ಬಿಲ್ಲೆ ತಟ್ಟಿದ ಕೂಡಲೇ ಕಳಚಿ ಬಿತ್ತು. ಕಾನಸದ ಒರಟು ಹಲ್ಲಿನಿಂದ ಅಂಚು ಉಜ್ಜಿ ನುಣುಪು ಮಾಡಿದೆ. ನಿಪ್ಪಲ್ ಕೂತಿತು. ನೀರು ತುಂಬಿ ಒಂದು ತಾಸು ನೋಡಿದೆ, ಒಂದು ಹನಿ ಸೋರಲಿಲ್ಲ.

ನನಗೀಗ ಅರವತ್ತೊಂದು. ನನ್ನ ಕೈಯಿಂದ ಲಟ್ಟಣಿಗೆಯ ಹೊರತು ಇಷ್ಟು ದುಂಡಗಿನದು ಏನೂ ಬಂದಿರಲಿಲ್ಲ. ಏನು ಬೇಕಾದರೂ ಬೈದುಕೋ. ನನಗೆ ಸಂತೋಷವಾಗಿದೆ.

ಕುಮುದಾ


ಮಲ್ಕಾಜ್‌ಗಿರಿ
28 ಜುಲೈ 2025

ತಮ್ಮಾ,

ನಾಳೆ ಪಂಚಮಿ. ಹಬ್ಬಕ್ಕೆ ಎಳ್ಳಿನ ಉಂಡಿ ಕಟ್ಟಲು ಮನಸ್ಸಿಲ್ಲ.

ನಿನ್ನೆ ವಿನಾಯಕರಾವ್ ಬಂದರು. ಓಣಿಯ ಏಳೆಂಟು ಜನ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು. ಎರಡು ದಿನದ ಹಳೆಯ ನೀರು ಬೇಕೆಂದೇ ಇಟ್ಟಿದ್ದೆ. ಅವರು ಮೊಬೈಲಿನಲ್ಲಿ ಗಡಿಯಾರ ಇಟ್ಟರು. ನಾನು ಕೋಲು ಎಳೆದೆ. ಗಳಗಳ ಅಂತ ಇಳಿಯಿತು, ಪುಕ್ಕ, ಕೆಸರು, ಎಲ್ಲ. ನಾಲ್ಕು ನಿಮಿಷ ಹತ್ತು ಸೆಕೆಂಡು. ಬಾಳೆಯ ಮಡಿ ಕುಡಿದುಬಿಟ್ಟಿತು. ಅವರು ಓಣಿಗೆ ಹೋಗಿ ನೆಲ ಮುಟ್ಟಿ ನೋಡಿದರು, ಒಣಗಿತ್ತು. ಬಾತುಕೋಳಿಗಳು ಖಾಲಿ ತೊಟ್ಟಿಯ ಸುತ್ತ ನಿಂತು ನನ್ನನ್ನು ಬೈಯುತ್ತಿದ್ದವು.

"ಎವರು ಚೇಸಾರಮ್ಮಾ?" ಅಂದರು. ಯಾರು ಮಾಡಿದ್ದು ಅಂತ.

"ನೇನೇ" ಅಂದೆ, ನಾನೇ ಅಂತ.

ಅವರು ನಕ್ಕರು. ಗೋಡೆಯ ಮೇಲಿನವರೂ ನಕ್ಕರು. "ಕಾದಮ್ಮಾ, ಮೇಸ್ತ್ರಿ ಎವರು? ಪೇಪರ್ ಮೀದ ರಾಯಾಲಿ" ಅಂದರು. ಅದಲ್ಲ, ಒಪ್ಪಿಗೆಯ ಕಾಗದದಲ್ಲಿ ಮೇಸ್ತ್ರಿಯ ಹೆಸರು ಬರೆಯಬೇಕಂತೆ. ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಆ ಪೆನ್ನು ಜೇಬಿಗೆ ವಾಪಸ್ ಹೋಗಿಬಿಟ್ಟರೆ ಅಂತ ನನಗೆ ಭಯವಾಯಿತು. "ನಾ ತಮ್ಮುಡು" ಅಂದುಬಿಟ್ಟೆ, ನನ್ನ ತಮ್ಮ, ಬಾಲಾನಗರದಲ್ಲಿ ಫಿಟ್ಟರ್ ಇದ್ದ ಅಂತ. "ಅದೀ!", ಹಾಗನ್ನಿ, ಅಂದು ತಲೆಯಾಡಿಸಿ ನಿನ್ನ ಹೆಸರು ಬರೆದು ಸಹಿ ಹಾಕಿದರು.

ಬಾತುಕೋಳಿಗಳು ಉಳಿದವು. ಸಂತೋಷ ಪಡಬೇಕು. ಆಗುತ್ತಿಲ್ಲ. ಅಪ್ಪನ ಮಾತು ಮೀರಿದೆ, ಅಮಾವಾಸ್ಯೆ ಮೀರಿದೆ, ನಿನ್ನನ್ನು ಮೀರಿದೆ. ನಾಲ್ಕು ಜನರ ನಗುವಿನ ಮುಂದೆ ಬಗ್ಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ತೂತು ನಿನಗೆ ಕೊಟ್ಟುಬಿಟ್ಟೆ.

ಕುಮುದಾ


ಸುರಪುರ
2 ಆಗಸ್ಟ್ 2025

ಅಕ್ಕಾ,

ಎರಡೂ ಕಾಗದ ಬಂದವು. ಬೈರಿಗೆಯ ವಿಷಯ ಮೊದಲು. ಅದು ನಿನ್ನ ಹತ್ತಿರ ಇದೆ ಅಂತ ನನಗೆ ಹನ್ನೆರಡು ವರ್ಷದಿಂದ ಗೊತ್ತು. ಅವತ್ತು ನಿನ್ನ ಚೀಲ ಬಸ್ಸಿನ ಮೇಲೆ ಎತ್ತಿಟ್ಟವನು ನಾನೇ. ಸೀರೆ ಅಷ್ಟು ಭಾರ ಇರುತ್ತದೆಯೇ? ಕಳೆಯಿತು ಅಂತ ಹಿರಿಯರಿಗೆ ಹೇಳಿದೆ. ಬೇರೇನು ಹೇಳಲಿ?

ಅಮಾವಾಸ್ಯೆ ದಿನ ಮಾಡಿದ್ದು ತಪ್ಪು. ಅದು ತಪ್ಪೇ. ನಾನು ಹಾಗೆ ಮಾಡುತ್ತಿರಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಒಬ್ಬರ ಕೈಯ ಕೆಲಸಕ್ಕೆ ಇನ್ನೊಬ್ಬರ ಹೆಸರು ಹಾಕುವುದು ನಮ್ಮವರಲ್ಲಿ ಇಲ್ಲ. ಅಪ್ಪ ಬಡಗಿ, ಬಡವ. ಆದರೆ ತನ್ನ ಅಣ್ಣ ಕೆತ್ತಿದ ಚೌಕಟ್ಟು ತನ್ನದು ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ. ನೀನು ನನ್ನನ್ನು ಕಳ್ಳನನ್ನಾಗಿ ಮಾಡಿದ್ದೀಯ. ಓದಿದಾಗಿನಿಂದ ಕೆಲಸಕ್ಕೆ ಕೂತರೆ ಕೈ ಓಡುವುದಿಲ್ಲ.

ಕೆಳಗೆ ನಿಮ್ಮ ಸೆಕ್ರೆಟರಿಗೆ ಬರೆದಿದ್ದೇನೆ. ಅವರಿಗೆ ಕನ್ನಡ ಬರುವುದಿಲ್ಲ, ನನಗೆ ತೆಲುಗು ಬರೆಯಲು ಬರುವುದಿಲ್ಲ. ನೀನೇ ಎಲ್ಲರ ಮುಂದೆ ಓದಿ ತೆಲುಗಿನಲ್ಲಿ ಹೇಳಬೇಕು. ಒಂದು ಮಾತೂ ಬಿಡಬಾರದು. ಒಪ್ಪಿಗೆ ವಾಪಸ್ ತೆಗೆದುಕೊಂಡರೆ ನಾಲ್ಕನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಸುರಪುರಕ್ಕೆ ಬಾ. ನನ್ನ ಅಂಗಡಿಯ ಹಿಂದೆ ಜಾಗ ಇದೆ. ಸಂಘದವರು ಕೇಳಿದರೆ ಕೇಳಲಿ.

ಮೌನಪ್ಪ

"ಶ್ರೀ ವಿನಾಯಕರಾವ್ ಅವರಿಗೆ ಸುರಪುರದ ಮೌನಪ್ಪನ ನಮಸ್ಕಾರಗಳು. ನೀವು ಕಾಗದದ ಮೇಲೆ ನನ್ನ ಹೆಸರು ಬರೆದಿದ್ದೀರಂತೆ. ದಯಮಾಡಿ ಹೊಡೆದುಹಾಕಿ. ಆ ದಿನ ನಾನು ಊರಿನಲ್ಲಿ ಕೈ ಕಟ್ಟಿ ಕೂತಿದ್ದೆ. ತೂತು ಹಾಕಿದ್ದು, ಪೈಪು ಕೂರಿಸಿದ್ದು, ಸೋರದಂತೆ ಮಾಡಿದ್ದು ನನ್ನ ಅಕ್ಕ. ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದ ನಾನು ಹೇಳಿದ ನಲ್ಲಿ ಮೂರು ದಿನಕ್ಕೆ ಕಟ್ಟಿತು. ಅವಳ ತೂತು ಸೋರಲಿಲ್ಲ. ಮೇಸ್ತ್ರಿಯ ಹೆಸರು ಬೇಕಿದ್ದರೆ ಹೀಗೆ ಬರೆಯಿರಿ: ಗೊಲ್ಲಾಳಪ್ಪನ ಮಗಳು ಕುಮುದಾ."


ಮಲ್ಕಾಜ್‌ಗಿರಿ
11 ಆಗಸ್ಟ್ 2025

ತಮ್ಮಾ,

ನಿನ್ನೆ ಭಾನುವಾರ ಕಾಲನಿಯ ಮೀಟಿಂಗ್ ಇತ್ತು. ನಲವತ್ತು ಜನ. ಹೋಗುವ ಮುಂಚೆ ನಿನ್ನ ಮಾಮಾ "ಸುಮ್ಮ ಕುಂದರು. ಉಳದಾವಲ್ಲ, ಮತ್ತ್ಯಾಕ ಕೆದಕತಿ?" ಅಂದರು. ಸುಮ್ಮನೆ ಕೂರಲಿಲ್ಲ.

ನೀರಿನ ಟ್ಯಾಂಕರಿನ ಜಗಳ ಮುಗಿದ ಮೇಲೆ ಎದ್ದು ನಿಂತು ಓದಿದೆ. ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ತೆಲುಗಿನಲ್ಲಿ. ವಿನಾಯಕರಾವ್ ಅವರ ಮುಖ ಕೆಂಪಾಯಿತು. "ಮರಿ ಅಬದ್ಧಂ ಎಂದುಕು ಚೆಪ್ಪಾರು?" ಅಂದರು, ಹಾಗಾದರೆ ಸುಳ್ಳು ಯಾಕೆ ಹೇಳಿದಿರಿ ಅಂತ.

"ನಿಜ ಹೇಳಿದಾಗ ನೀವು ನಕ್ಕಿರಿ" ಅಂದೆ.

ಒಪ್ಪಿಗೆಯ ಕಾಗದ ವಾಪಸ್ ಕೊಡಿ ಅಂದರು. ಕೊಡಲಿಲ್ಲ. ನೀವು ಒಪ್ಪಿದ್ದು ತೊಟ್ಟಿಯನ್ನು, ಮೇಸ್ತ್ರಿಯನ್ನಲ್ಲ. ಬೇಕಿದ್ದರೆ ಈಗಲೇ ನಡೆಯಿರಿ, ಗಡಿಯಾರ ಹಿಡಿಯಿರಿ, ನಾಲ್ಕು ನಿಮಿಷ ಹತ್ತು ಸೆಕೆಂಡಿನ ಮೇಲೆ ಒಂದು ಸೆಕೆಂಡು ಹೆಚ್ಚಾದರೆ ಕಾಗದವೂ ನಿಮ್ಮದು, ಬಾತುಕೋಳಿಗಳೂ ನಿಮ್ಮವು ಅಂದೆ. ಅವರು ಎದ್ದೇಳಲಿಲ್ಲ. ಬೇರೆ ಯಾರೂ ಏಳಲಿಲ್ಲ. ವಿನಾಯಕರಾವ್ ಪೆನ್ನು ತೆಗೆದು, ನನ್ನ ಕೈಯಿಂದ ಕಾಗದ ಇಸಿದುಕೊಂಡು, ನಿನ್ನ ಹೆಸರಿನ ಮೇಲೆ ಗೆರೆ ಎಳೆದರು. "ಪೇರು ಚೆಪ್ಪಂಡಿ" ಅಂದರು, ಹೆಸರು ಹೇಳಿ ಅಂತ.

ದನಿ ನಡುಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನಡುಗಿತು. ಆದರೂ ಹೇಳಿದೆ, ಅಪ್ಪನ ಹೆಸರು ಸೇರಿಸಿ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ.

ಕುಮುದಾ